ವಿಭೂತಿ ಬಾತುಗಳ ಏಕಾಂತಪ್ಪ

ನನ್ನ ತಂಗಿ ಮಹಾಂತಮ್ಮನನ್ನು ಕೊಡುವಾಗ ವರನಿಗೆ ಹಕ್ಕಿಯ ಹುಚ್ಚಿದೆ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೊಡುತ್ತಿದ್ದೆವು ಅನ್ನಿ, ಮನುಷ್ಯ ಅಷ್ಟು ಒಳ್ಳೆಯವನು. ಏಕಾಂತಪ್ಪ ಆದೋನಿಯಲ್ಲಿ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ನಮೂನೆ ನೋಡಿ ದರ್ಜೆ ಹೇಳುವ ಕೆಲಸದಲ್ಲಿದ್ದ. ಸಣಕಲು ಮೈ, ಎದೆಯ ಮೇಲೆ ಲಿಂಗ, ಕಿವಿಯ ಸಂದಿಯಲ್ಲಿ ಸದಾ ಹತ್ತಿಯ ಎಳೆ. ಬೀಡಿಯಿಲ್ಲ, ಇಸ್ಪೀಟಿಲ್ಲ, ಯಾರೊಡನೆಯೂ ಜಗಳವಿಲ್ಲ. ಶನಿವಾರ ಜಿನ್ನು ಬಿಟ್ಟಿತೆಂದರೆ ಮಾತ್ರ ಬುತ್ತಿ ಕಟ್ಟಿಸಿಕೊಂಡು ಸೈಕಲ್ ಹತ್ತಿ, ದೇವನಕೊಂಡದ ಕಡೆಯ ಬಿಳೇಗುಂಡ್ಲ ಕೆರೆಗೆ ಹೊರಟುಬಿಡುತ್ತಿದ್ದ. ಭಾನುವಾರ ಸಂಜೆ ಕಾಲಿಗೆ ಕೆಸರು ಮೆತ್ತಿಕೊಂಡು ಬರುತ್ತಿದ್ದ. ನನ್ನ ತಂಗಿ ಬಿಸಿನೀರು ಕಾಯಿಸಿಟ್ಟು ಬೈಯುತ್ತಿದ್ದಳು.

ಆ ಕೆರೆಗೆ ಕಾರ್ತೀಕದ ಹೊತ್ತಿಗೆ ದೊಡ್ಡ ಬಾತುಗಳು ಬರುತ್ತಿದ್ದವು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಪಟ್ಟೆ ಬಳಿದಂತಿದ್ದ ತಲೆ ನೋಡಿ ಆ ಕಡೆಯವರು ವಿಭೂತಿ ಬಾತು ಅನ್ನುತ್ತಿದ್ದರು. ಹಗಲು ದಂಡೆಯ ಮೇಲೆ ನಿದ್ದೆ, ಸಂಜೆ ಕಡಲೆ ಹೊಲದಲ್ಲಿ ಊಟ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ನೋಡಿದರೆ ಕೆರೆ ಬರಿದು. ಎಲ್ಲಿಂದ ಬರುತ್ತವೆ ಎಂದು ಕೇಳಿದರೆ ಊರವರು ಕೈಲಾಸದ ಕಡೆಗೆ ಕೈ ತೋರಿಸುತ್ತಿದ್ದರು.

ಮೂವತ್ತಾರನೇ ಇಸವಿಯಲ್ಲಿ ಜಿನ್ನಿನ ಕೆಲಸದ ಮೇಲೆ ಮದರಾಸಿಗೆ ಹೋದ ಏಕಾಂತಪ್ಪ ಅಲ್ಲಿಂದ ಸಮುದ್ರದ ಪಕ್ಕದ ಒಂದು ಉಪ್ಪುನೀರಿನ ಸರೋವರ ನೋಡಲು ಹೋದ. ಅಲ್ಲಿ ಶ್ರೀರಾಮುಲು ಎಂಬ ಕಾಲೇಜು ಮೇಷ್ಟ್ರು ಕೆಸರಿನಲ್ಲಿ ನಿಂತು, ಹಿಡಿದ ಹಕ್ಕಿಗಳ ಕಾಲಿಗೆ ಅಲ್ಯುಮಿನಿಯಂ ಬಳೆ ತೊಡಿಸಿ ಹಾರಿಬಿಡುತ್ತಿದ್ದರಂತೆ. ಆ ಕರಾವಳಿಯ ಕೆಸರುದಂಡೆಗೆ ಉಪ್ಪಿನವರು ಕಟ್ಟೆ ಹಾಕುತ್ತ ಬಂದಿದ್ದರು. ಚಳಿಗಾಲದಲ್ಲಿ ಬಂದೂಕಿನವರು ಬೇರೆ. ಹಕ್ಕಿಗಳು ಎಲ್ಲಿ ಇಳಿಯುತ್ತವೆ, ಮರುವರ್ಷ ಅದೇ ಜಾಗಕ್ಕೆ ಬರುತ್ತವೆಯೇ ಎಂಬುದು ಖಚಿತವಾದರೆ, ಆ ದಂಡೆಗಳನ್ನು ಉಳಿಸಿಕೊಡಿ ಎಂದು ಸರ್ಕಾರವನ್ನು ಕೇಳಬಹುದು ಎಂಬುದು ಅವರ ಆಸೆ. "ನಮ್ಮ ಕೆರಿಗೂ ಬರ್ತಾವ್ರೀ," ಎಂದನಂತೆ ಇವನು. ಮೇಷ್ಟ್ರು ಒಂದು ಚೀಲ ಬಳೆ ಕೊಟ್ಟು ಕಳಿಸಿದರು.

ಊರಿಗೆ ಬಂದವನ ಮುಖ ನೋಡಬೇಕಿತ್ತು! ಮದುವೆಯ ದಿನವೂ ಅಷ್ಟು ಕಳೆ ಇರಲಿಲ್ಲ. ಕೆರೆಯಲ್ಲಿ ಹಕ್ಕಿಗೆ ಬಲೆ ಹಾಕುವ ನರಸಪ್ಪ ಎಂಬವನನ್ನು ಹಿಡಿದು, ಕಡಲೆ ಹೊಲದಲ್ಲಿ ಉರುಲು ಹಾಕಿಸಿ, ಬಾತುಗಳಿಗೆ ಬಳೆ ತೊಡಿಸಿ ಬಿಟ್ಟ. ಕಾಲಿನ ಸುತ್ತ ಸಲೀಸಾಗಿ ತಿರುಗುವಷ್ಟು ಸಡಿಲ. "ಭಾವಾ, ಇದರಾಗ ಒಂದರ ತಿರುಗಿ ಇಲ್ಲಿಗೇ ಬಂದ್ರ ಸಾಕು. ಈ ಕೆರಿ ಅವುಗಳ ಮನಿ ಅಂತ ಯಾವನ ಮುಂದಾದ್ರೂ ಹೇಳಬಹುದು," ಅಂದ. ಅವನಿಗೆ ಬೇಕಿದ್ದದ್ದು ಅಷ್ಟೇ. ಬಾತುಗಳು ಅದೇ ಕೆರೆಗೆ ಮತ್ತೆ ಬರಬೇಕು, ಬದುಕಿ ಹೋಗಬೇಕು.

ಆದರೆ ಆ ಪುಷ್ಯದಲ್ಲೇ ನಮ್ಮ ಮಹನೀಯರ ಬೇಟೆ ನಡೆಯಿತು. ಹತ್ತಿ ಕೊಳ್ಳಲು ಬಂದಿದ್ದ ಒಬ್ಬ ಬಿಳಿಯ ದೊರೆಯನ್ನು ಖುಷಿಪಡಿಸಲು ಆದೋನಿಯ ಇಬ್ಬರು ವ್ಯಾಪಾರಸ್ಥರು ಏರ್ಪಾಡು ಮಾಡಿದ್ದರು. ಇಬ್ಬರೂ ನಮ್ಮ ಲಿಂಗವಂತರೇ. ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚಿದರೂ ಮೂಗು ಮುಚ್ಚಿಕೊಳ್ಳುವ ಜನ. ವ್ಯಾಪಾರದ ದಾಕ್ಷಿಣ್ಯಕ್ಕೆ ನಾನೂ ಹೋಗಬೇಕಾಯಿತು. ಏನು ಹೇಳಲಿ! ಬೆಳಗ್ಗೆಯಿಂದ ಢಮಾರ್ ಢಮಾರ್. ಊರವರಿಗೆ ಕೂಲಿ ಕೊಟ್ಟು ಹಕ್ಕಿ ಎಬ್ಬಿಸಿದರು. ಬಿದ್ದವನ್ನು ಗಾಡಿಯ ಪಕ್ಕ ರಾಶಿ ಹಾಕಿದರು. ರಾಶಿಯ ಅಡಿಯಲ್ಲಿ ಇನ್ನೂ ಜೀವವಿದ್ದ ಕೊರಳುಗಳು ಮೇಲೆದ್ದು ಬೀಳುತ್ತಿದ್ದವು. ದೊರೆ ತನಗೆ ಬೇಕಾದಷ್ಟು ಆರಿಸಿಕೊಂಡ, ಉಳಿದದ್ದು ಬಿಸಿಲಿಗೆ ಬಿತ್ತು. ಒಬ್ಬ ಮಹನೀಯ ರಕ್ತ ಸಿಡಿದ ಕೈಯನ್ನು ಅದೇ ಕೆರೆಯಲ್ಲಿ ತೊಳೆದು ಅಲ್ಲೇ ಲಿಂಗಪೂಜೆಗೆ ಕೂತ. ಥೂ ಅವನ ಭಕ್ತಿಗೆ! ನಾನು ಪ್ರಸಾದ ಮುಟ್ಟದೆ ಎದ್ದು ಬಂದೆ.

ಮರುವಾರ ಮತ್ತೊಂದು ಬೇಟೆ ಎಂದು ಗೊತ್ತಾಯಿತು. ಏಕಾಂತಪ್ಪ ರಜೆ ಹಾಕಿ ಬಿಳೇಗುಂಡ್ಲಿಗೆ ಓಡಿದ, ನಾನೂ ಹಿಂದೆ ಗಾಡಿ ಕಟ್ಟಿಸಿಕೊಂಡು ಹೋದೆ. ಕೆರೆಯ ಏರಿಯ ಮೇಲೆ ಬಸವಣ್ಣನ ಗುಡಿ. ಅದರ ಮುಂದೆ ಊರವರು ಹಕ್ಕಿ ಎಬ್ಬಿಸಲು ಬಡಿಗೆ ಹಿಡಿದು ಸೇರಿದ್ದರು. ಕುರಿ ಸಾಕುವ ಜಂಬಮ್ಮ ಎಂಬ ವಿಧವೆ ಸತ್ತ ಬಾತೊಂದನ್ನು ಕೈಯಲ್ಲಿ ಹಿಡಿದಿದ್ದಳು. ಅದರ ಕಾಲಲ್ಲಿ ಏಕಾಂತಪ್ಪ ಹಾಕಿದ ಬಳೆ.

"ಇದೇನ್ ಸಾಮಿ, ಹಕ್ಕಿಗೆ ಯಾಕ ಬಳಿ ಹಾಕೀರಿ?" ಅಂದಳು.

ಆ ಕಡೆ ಹರಕೆ ಹೊತ್ತವರು ಹೋರಿಗರುವಿಗೆ ಮುದ್ರೆ ಒತ್ತಿ ಬಸವಣ್ಣನ ಹೆಸರಿನಲ್ಲಿ ಬಿಡುತ್ತಾರೆ. ಆಮೇಲೆ ಅದು ಯಾರ ಹೊಲ ಮೇಯ್ದರೂ ಹೊಡೆಯುವಂತಿಲ್ಲ. ಜನ್ಮದಲ್ಲಿ ಸುಳ್ಳಾಡದ ನಮ್ಮ ಏಕಾಂತಪ್ಪ ಆ ಕ್ಷಣ ಬಾಯಿಬಿಟ್ಟ. "ಬಸವನ್ನ ಬಿಡ್ತೀರಲ್ಲವ್ವ, ಹಂಗ ಬಿಟ್ಟಿದ್ದು. ದೇವರ ಹಕ್ಕಿ ಇವು."

ಜಂಬಮ್ಮ ಬಾತನ್ನು ಕೆಳಗಿಟ್ಟು ಕೆನ್ನೆ ಬಡಿದುಕೊಂಡಳು. ಬಡಿಗೆಗಳು ಕೆಳಗೆ ಬಿದ್ದವು. ಮಹನೀಯರ ಕಾರು ಬಂದಾಗ ಆ ಹೆಂಗಸು ಉಳಿದವರನ್ನೂ ಕಟ್ಟಿಕೊಂಡು ಏರಿಗೆ ಅಡ್ಡ ನಿಂತಿದ್ದಳು. "ದೇವರ ಮ್ಯಾಲೆ ಬಂದೂಕ ಎತ್ತೋದಿದ್ರ ಮೊದಲ ನನಗ ಹೊಡೀರಿ," ಅಂದಳು. ಕಾರು ಬಂದ ದಾರಿಯಲ್ಲೇ ತಿರುಗಿತು. ಹೊಟ್ಟೆ ತಣ್ಣಗಾಯಿತು ನನಗೆ! ಏಕಾಂತಪ್ಪ ದಾರಿಯುದ್ದಕ್ಕೂ ಸುಮ್ಮನೆ ನಗುತ್ತಿದ್ದ.

ಆ ನಗು ಬಹಳ ದಿನ ಉಳಿಯಲಿಲ್ಲ. ದೇವರ ಹಕ್ಕಿ ಅಂದ ಮೇಲೆ ದೇವರ ಪೂಜಾರಿ ಸುಮ್ಮನಿದ್ದಾನೆಯೇ? ಗುಡಿಯ ಪೂಜಾರಿ ಉಚ್ಚೀರಪ್ಪ ಮುಂದಿನ ಕಾರ್ತೀಕದ ಹೊತ್ತಿಗೆ ಹೊಸ ಸೇವೆ ತೆಗೆದಿದ್ದ. ಮಕ್ಕಳಾಗದವರು, ಕುರಿಗೆ ರೋಗ ಬಂದವರು, ಕೋರ್ಟಿಗೆ ಬಿದ್ದವರು ಹರಕೆ ಹೊತ್ತು ಒಂದು ವಿಭೂತಿ ಬಾತಿಗೆ ತಾಮ್ರದ ತಂತಿಯ ಬಳೆ ಹಾಕಿಸಬೇಕು. ಹಿಡಿದುಕೊಡಲು ಅದೇ ನರಸಪ್ಪ, ಅದೇ ಉರುಲು. ಬಳೆ ಕಳಚಿ ಬಿದ್ದರೆ ಹರಕೆಯೂ ಬಿದ್ದುಹೋಗುತ್ತದೆಂದು ಉಚ್ಚೀರಪ್ಪ ಹೆದರಿಸಿದ್ದ. ಅದಕ್ಕೇ ತಂತಿಯನ್ನು ಇಕ್ಕಳದಿಂದ ತಿರುವಿ ತಿರುವಿ, ಚರ್ಮಕ್ಕೆ ಕಚ್ಚುವಂತೆ ಬಿಗಿಯುತ್ತಿದ್ದರು. ಭಕ್ತಿ ಹೆಚ್ಚಾದಷ್ಟೂ ಬಿಗಿ ಹೆಚ್ಚು.

ಜಿನ್ನಿನ ಹಂಗಾಮು ಶುರುವಾಗಿ ಏಕಾಂತಪ್ಪನಿಗೆ ಭಾನುವಾರವೂ ಬಿಡುವಿರಲಿಲ್ಲ. ಮಾಘದಲ್ಲಿ ಹೇಗೋ ಬಿಡಿಸಿಕೊಂಡು ನನ್ನನ್ನೂ ಕರೆದುಕೊಂಡು ಹೋದ. ಕೆರೆ ಕಣ್ಣಿಗೆ ಬೀಳುವ ಮೊದಲೇ ನಾತ ಬಡಿಯಿತು. ದಂಡೆಯ ಮೇಲೆ ಬಾತುಗಳು ಬಿದ್ದಿದ್ದವು, ಸತ್ತವು ಕೆಲವು, ಸಾಯುತ್ತಿದ್ದವು ಕೆಲವು. ಕಾಲುಗಳು ಊದಿ ಬದನೆಕಾಯಿಯ ಬಣ್ಣವಾಗಿದ್ದವು. ತಂತಿ ಎಲ್ಲಿದೆ ಎಂದು ಕಾಣದಷ್ಟು ಮಾಂಸ ಮೇಲೆ ಬೆಳೆದು ಕೀವು ಸೋರುತ್ತಿತ್ತು. ಒಂದರ ಕಾಲು ಕೊಳೆತು ಉದುರಿ, ಅದು ಮೊಂಡು ಕಾಲಿನಲ್ಲಿ ನೀರಿನ ಕಡೆಗೆ ತೆವಳುತ್ತಿತ್ತು. ಹುಳ ಹರಿಯುತ್ತಿದ್ದವು ಸ್ವಾಮಿ, ಬದುಕಿದ್ದ ಹಕ್ಕಿಯ ಮೇಲೆ ಹುಳ! ನಾನು ಏರಿ ಹತ್ತಿದೆ. ಏರಿಯ ಮೇಲೆ ಗುಡಿಯಲ್ಲಿ ಗಂಟೆ ಬಾರಿಸುತ್ತಲೇ ಇತ್ತು, ಹರಕೆಯವರು ತೆಂಗಿನಕಾಯಿ ಹಿಡಿದು ಸಾಲು ನಿಂತಿದ್ದರು. ಅಷ್ಟು ಜನರಲ್ಲಿ ಒಬ್ಬನಾದರೂ ಮೂಗು ಮುಚ್ಚಿಕೊಂಡಿದ್ದರೆ ಕೇಳಿ.

"ಏನೋ ಇದು, ಕಟುಕನ ಅಂಗಡಿ ಇಟ್ಟೀಯಾ ಇಲ್ಲಿ?" ಎಂದು ನಾನು ಉಚ್ಚೀರಪ್ಪನ ಮೇಲೆ ಹರಿಹಾಯ್ದೆ.

"ಬಸವಣ್ಣ ತನ್ನ ಹತ್ರ ಕರಕೊಳ್ತಾನ್ರೀ. ನಮ್ದೇನ್ ಐತಿ?" ಅಂದ, ಅಡಿಕೆ ಅಗಿಯುತ್ತ. ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು.

ಅಷ್ಟರಲ್ಲಿ ಜಂಬಮ್ಮ ಒಂದು ಬಾತನ್ನು ಕೂಸಿನಂತೆ ಸೆರಗಿನಲ್ಲಿ ಸುತ್ತಿಕೊಂಡು ಓಡಿಬಂದಳು. ಮುಖದ ತುಂಬ ಹಿಗ್ಗು. "ಸಾಮೇ, ನೋಡ್ರಿ, ನಿಮ್ಮದು ತಿರುಗಿ ಬಂದೈತಿ! ನಿಮ್ಮ ಬೆಳ್ಳಿ ಬಳಿ ನೋಡಿ ಗುರುತು ಹಿಡಿದೆ. ನನ್ನ ಕುರಿ ಉಳಿದ್ರ ಈ ಹಕ್ಕಿಗೇ ಬಳಿ ಹಾಕಸ್ತೀನಂತ ಬೇಡಿಕೊಂಡಿದ್ದೆ. ಇನ್ನೊಂದು ಕಾಲಿಗೆ ಹಾಕಸೀನ್ರಿ, ಜೋಡಿ ಆಗ್ಲಿ ಅಂತ."

ಒಂದು ಕಾಲಲ್ಲಿ ಮೇಷ್ಟ್ರ ಅಲ್ಯುಮಿನಿಯಂ ಬಳೆ ಸಡಿಲವಾಗಿ, ಸ್ವಚ್ಛವಾಗಿತ್ತು. ಇನ್ನೊಂದು ಕಾಲು ಜೋತುಬಿದ್ದಿತ್ತು. ಎಲ್ಲೋ ಹಿಮದಾಚೆಗೆ ಹೋಗಿ ಬದುಕಿ, ಇವನು ಬಯಸಿದಂತೆಯೇ ಇದೇ ಕೆರೆಗೆ ಬಂದ ಜೀವ ಅದು. ಏಕಾಂತಪ್ಪ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹತ್ತಿಯ ಎಳೆ ಬಿಡಿಸುವ ಬೆರಳುಗಳಿಂದ ತಂತಿ ಬಿಡಿಸಲು ನೋಡಿದ. ಕೀವು ಕೈಗೆಲ್ಲ ಹತ್ತಿತು. ತಂತಿ ಬಿಚ್ಚುವ ಮೊದಲೇ ಹಕ್ಕಿಯ ಕೊರಳು ಅವನ ಮೊಣಕಾಲಿನಾಚೆ ಜಾರಿತು.

ಅವನು ಎದ್ದು ಎಲ್ಲರಿಗೂ ಕೇಳುವಂತೆ ಹೇಳಿದ. "ನಾ ಹೇಳಿದ್ದು ಸುಳ್ಳು. ಇವು ದೇವರಿಗೆ ಬಿಟ್ಟವಲ್ಲ. ಎಲ್ಲಿಂದ ಬರ್ತಾವ ತಿಳಕೊಳ್ಳಾಕ ನಾನೇ ಬಳಿ ಹಾಕಿದ್ದೆ. ಬಂದೂಕಿಗೆ ಅಂಜಿ ಸುಳ್ಳು ಹೇಳಿದೆ. ನಿಮ್ಮ ಕಾಲಿಗೆ ಬೀಳ್ತೀನಿ, ತಂತಿ ಹಾಕಬ್ಯಾಡ್ರಿ."

ಜಂಬಮ್ಮ ಅವನನ್ನು ಕನಿಕರದಿಂದ ನೋಡಿದಳು. "ಸುಳ್ಳಾಗಿದ್ರ ನನ್ನ ಕುರಿ ಹೆಂಗ ಉಳಿದ್ವು ಸಾಮಿ?" ಅಂದಳು.

ಉಚ್ಚೀರಪ್ಪ ಮಾತ್ರ ತಡಮಾಡಲಿಲ್ಲ. "ಬಂದೂಕಿನವರು ಇವನ ಕೈ ಬಿಸಿ ಮಾಡ್ಯಾರ, ಕೇಳಬ್ಯಾಡ್ರಿ," ಎಂದು ಕೂಗಿದ. ಒಂದು ಸಗಣಿ ಉಂಡೆ ಬಂದು ಏಕಾಂತಪ್ಪನ ಎದೆಗೆ ಬಡಿಯಿತು. ಅವನು ಒರೆಸಿಕೊಳ್ಳಲೂ ಇಲ್ಲ.

ಮುಂದಿನ ಕಾರ್ತೀಕಕ್ಕೆ ಜಿನ್ನಿನ ಕೆಲಸ ಬಿಟ್ಟ. ಹಂಗಾಮಿನಲ್ಲಿ ಕೆಲಸ ಬಿಡುವ ಗಂಡನಿಗೆ ಮಹಾಂತಮ್ಮ ಏನೆಲ್ಲ ಅಂದಳೋ, ನಾನು ಕೇಳಲಿಲ್ಲ. ಒಂದು ಹಳೆಯ ಸೀಮೆಎಣ್ಣೆ ಡಬ್ಬಿ, ಒಂದು ಕಬ್ಬಿಣದ ಸಲಾಕೆ ತೆಗೆದುಕೊಂಡು ಬಿಳೇಗುಂಡ್ಲ ಕೆರೆಯ ಆಚೆ ದಂಡೆಯಲ್ಲಿ ಗುಡಿಸಲು ಹಾಕಿದ. ಬಾತುಗಳು ಸಾಲುಗಟ್ಟಿ ಬಂದು ಇಳಿಯಲು ರೆಕ್ಕೆ ಬಿಚ್ಚಿದರೆ ಡಬ್ಬಿ ಬಡಿಯುತ್ತ ನೀರಿಗೆ ಓಡುತ್ತಿದ್ದ. "ಹೋಗ್ರಿ! ಇಲ್ಲಿ ಇಳೀಬ್ಯಾಡ್ರಿ, ಹೋಗ್ರಿ!" ಎಂದು ಗಂಟಲು ಹರಿಯುವಂತೆ ಅರಚುತ್ತಿದ್ದ. ಊರವರು ದೇವರನ್ನು ಓಡಿಸುವ ಚಂಡಾಲ ಎಂದು ಕಲ್ಲು ಬೀರಿದರು. ಜಂಬಮ್ಮ ಅತ್ತು ಶಾಪ ಹಾಕಿದಳು. ನರಸಪ್ಪ ಡಬ್ಬಿ ಕಿತ್ತು ಕೆರೆಗೆಸೆದ. ಇವನು ಇನ್ನೊಂದು ತಂದ. ಹಣೆಯ ಮೇಲೆ ಕಲ್ಲಿನ ಗಾಯ ಒಣಗುವ ಮೊದಲೇ ಮತ್ತೊಂದು ಬೀಳುತ್ತಿತ್ತು. ಎರಡು ವರ್ಷವೂ ಇದೇ ಹಾಡು.

ಯುದ್ಧ ಶುರುವಾದ ಮರುವರ್ಷ ನಾನು ಬುತ್ತಿ ಹಿಡಿದು ಹೋದೆ. ಕಾರ್ತೀಕ ಮುಗಿಯುತ್ತ ಬಂದಿತ್ತು. ಗುಡಿಯ ಬಾಗಿಲು ಹಾಕಿತ್ತು. ಹಕ್ಕಿಯಿಲ್ಲದ ಮೇಲೆ ಉಚ್ಚೀರಪ್ಪನಿಗೆ ಅಲ್ಲೇನು ಕೆಲಸ? ಕೆರೆಯಲ್ಲಿ ನೀರು ತುಂಬಿತ್ತು, ಕಡಲೆ ಚೆನ್ನಾಗಿ ಎದ್ದಿತ್ತು, ಬಾತು ಒಂದೂ ಇರಲಿಲ್ಲ. ಏಕಾಂತಪ್ಪ ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ.

"ಈ ಸಲ ಮ್ಯಾಲಿಂದ ಮ್ಯಾಲೆ ಹಾರಿ ಹೋದ್ವು ಭಾವಾ. ಒಂದೂ ಕೆಳಗ ಬಗ್ಗಲಿಲ್ಲ," ಅಂದ.

"ಎಲ್ಲಿಗೆ ಹೋದ್ವು?" ಎಂದು ಕೇಳಿದೆ.

"ಗೊತ್ತಿಲ್ಲ," ಅಂದ. ಬುತ್ತಿ ಬಿಚ್ಚಿ ರೊಟ್ಟಿ ಮುರಿದ. "ನಾನೇ ಕಲಿಸೀನಿ ಅವಕ್ಕ, ಈ ಕೆರಿ ನಿಮ್ಮ ಮನಿ ಅಲ್ಲ ಅಂತ."