ಕಾರಿಗೆ ಸಿಂಬೆ ಕೊಯ್ಯುತ್ತಿದ್ದ ಮೇಸ್ತ್ರಿ

ಮೇಸ್ತ್ರಿಯ ಎಡಗಿವಿಯಲ್ಲಿ ಯಾವಾಗಲೂ ಮಣ್ಣಿರುತ್ತಿತ್ತು. ಬಲಗಿವಿ ಚೊಕ್ಕ, ಎಡಗಿವಿ ಮಾತ್ರ ಆಗತಾನೇ ಹೊಲದಿಂದ ಕಿತ್ತ ಗೆಣಸಿನ ಹಾಗೆ. ಕಾರಿನ ಹೊಟ್ಟೆಗೂ ನೆಲಕ್ಕೂ ಎಷ್ಟು ಸಂದು ಇದೆ ಎಂದು ನೋಡಲು ಅವನು ರಸ್ತೆಯ ಮೇಲೆ ಎಡಮಗ್ಗುಲಾಗಿ ಮಲಗಿ, ಕೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಎಷ್ಟು ಕಾರು ಬಂದರೆ ಅಷ್ಟು ಸಲ. "ಒಂದ್ ಉಳ್ಳಿಕಾಳ್ ಆಕುದ್ರೆ ಮೊಳ್ಕೆ ಬತ್ತದೆ ಕಣಕ್ಕ, ಅಂತ ಕಿವಿ ಇದು" ಎಂದು ಅವನ ಹೆಂಡತಿ ನನ್ನ ಮುಂದೆಯೇ ಸೆರಗಿನ ತುದಿ ತಿರುಚಿ ಒರೆಸುತ್ತಿದ್ದಳು. ಅವನು ಕುರಿಮರಿಯಂತೆ ತಲೆ ಓರೆ ಮಾಡಿ ನಿಂತಿರುತ್ತಿದ್ದ.

ಕೊಳ್ಳೇಗಾಲದಲ್ಲಿ, ಯಳಂದೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಅವನ ಅಂಗಡಿ. ಅಂಗಡಿ ಎಂದರೆ ನಾಲ್ಕು ತಗಡು, ಒಂದು ಜಾಕಿ, ಒಂದು ಕಬ್ಬಿಣದ ಪೆಟ್ಟಿಗೆ. ಎಂಜಿನ್ ಕೆಟ್ಟಿದೆ ಎಂದರೆ ಕೈಯನ್ನೂ ಆಡಿಸುತ್ತಿರಲಿಲ್ಲ. ಹಿಂಭಾಗ ಕುಸಿದ ಕಾರನ್ನು ಮೇಲೆತ್ತುವುದು, ಅದೊಂದೇ ಅವನ ಕಸುಬು. ಅದರಲ್ಲಿ ಅವನಿಗೆ ಇದ್ದ ಜಂಬ ಇಷ್ಟಿಷ್ಟಲ್ಲ. ಆದರೆ ಕಾರಿನ ಒಳಗೆ ಕೂತರೆ ಅವನಿಗೆ ವಾಂತಿ. ಕೊನೆಯವರೆಗೂ ಸೈಕಲ್ಲೇ ತುಳಿದ.

ನಾನು ಓದಿದ್ದು ಮೂರನೇ ಕ್ಲಾಸು. ಸ್ಪ್ರಿಂಗಿನ ವಿಷಯ ನನಗೆ ಗೊತ್ತಿರುವುದೆಲ್ಲ ಅವನು ಹೇಳಿದ್ದೇ. ಕಾರಿನ ಹಿಂದಿನ ಎರಡು ಸ್ಪ್ರಿಂಗುಗಳ ತಲೆಯ ಮೇಲೆ, ಸ್ಪ್ರಿಂಗಿಗೂ ಕಾರಿನ ತಗಡಿಗೂ ನಡುವೆ, ಒಂದೊಂದು ರಬ್ಬರ್ ಬಳೆ ಇರುತ್ತದಂತೆ. ಬೇರೆ ಮೆಕ್ಯಾನಿಕ್ಕುಗಳು ಅದಕ್ಕೆ ಏನೇನೋ ಇಂಗ್ಲಿಷ್ ಹೆಸರು ಹೇಳುತ್ತಾರೆ. ಇವನು ಸಿಂಬೆ ಎನ್ನುತ್ತಿದ್ದ. ನೀರಿನ ಕೊಡ ಹೊರುವಾಗ ಬಟ್ಟೆ ಸುತ್ತಿ ತಲೆಗೆ ಇಟ್ಟುಕೊಳ್ಳುತ್ತೇವಲ್ಲ, ಆ ಸಿಂಬೆ. ಅದು ಸವೆದರೆ ಕಾರು ಕುಸಿಯುತ್ತದೆ. ದಪ್ಪನೆಯದು ಇಟ್ಟರೆ ಏಳುತ್ತದೆ. ಅಷ್ಟೇ ಗುಟ್ಟು.

ನಾವು ಅವನ ಹತ್ತಿರ ಹೋಗಿದ್ದು ನನ್ನ ಮಗಳ ದೆಸೆಯಿಂದ. ಗಂಡನ ಜೊತೆ ಸರಿಹೋಗದೆ ಚಿಕ್ಕ ಕೂಸನ್ನು ಎತ್ತಿಕೊಂಡು ಮುಳ್ಳೂರಿಗೆ, ನನ್ನ ಮನೆಗೆ ಬಂದಳು. ನಾನು ಅಯ್ಯೋ ಎನ್ನಲಿಲ್ಲ. ಬಂದವಳು ದುಡಿಯಬೇಕು ಎಂದೆ. ನನಗೆ ಅಡುಗೆ ಬರುತ್ತದೆ, ಅವಳಿಗೆ ಕಾರು ಬಿಡಲು ಬರುತ್ತದೆ. ಒಂದು ಹಳೇ ಕಾರು ತೆಗೆದುಕೊಂಡು, ನಾಮಕರಣ, ಗೃಹಪ್ರವೇಶಗಳಿಗೆ ಮನೆಯಲ್ಲೇ ಅಡುಗೆ ಮಾಡಿ ಒಯ್ದು ಬಡಿಸತೊಡಗಿದೆವು. ಮೂರನೆಯ ಅಡುಗೆಗೆ ಹೋಗುವಾಗ ರಸ್ತೆಯ ಉಬ್ಬಿಗೆ ಕಾರಿನ ಹೊಟ್ಟೆ ಬಡಿದು, ಹುರುಳಿಸಾರಿನ ಪಾತ್ರೆ ಮಗುಚಿ, ಸೀಟಿನ ತುಂಬ ಸಾರು. ಉಣ್ಣಲು ಕೂತವರಿಗೆ ಮೊಸರನ್ನ ಬಡಿಸಿ ಬಂದೆವು. ಗ್ಯಾರೇಜಿನವರು ಎರಡೂ ಸ್ಪ್ರಿಂಗ್ ಹೊಸದು ಹಾಕಿಸಿ ಎಂದರು. ನಮ್ಮ ಕೈಗೆ ಎಟುಕುವ ಮಾತಲ್ಲ. ಮಗಳು ಗಾರ್ಮೆಂಟ್ಸಿಗೆ ಹೆಸರು ಕೊಡಲು ಹೊರಟಳು. ಕಾರು ಹೊರೆ ಹೊತ್ತರೆ ಅಡುಗೆ, ಇಲ್ಲದಿದ್ದರೆ ಕತ್ತಲಿರುವಾಗಲೇ ಬರುವ ಆ ಫ್ಯಾಕ್ಟರಿ ಬಸ್ಸು. ಕೂಸು ಅವಳ ಮುಖ ನೋಡುವುದು ಭಾನುವಾರಕ್ಕೆ.

ಯಾರೋ ಹೇಳಿದರೆಂದು ಕೊನೆಗೆ ಮೇಸ್ತ್ರಿಯ ಅಂಗಡಿಗೆ ಹೋದೆವು. ಅವನು ಕಾರಿನ ಸುತ್ತ ಒಂದು ಸುತ್ತು ಬಂದ.

"ಏನ್ ಒತ್ಕಂಡ್ ಓಯ್ತದೆ ಇದು?"

"ಅಡ್ಗೆ" ಎಂದೆ.

"ಎಲ್ಲಿ ಅಡ್ಗೆ?"

"ಮನೇಲದೆ. ನಿನಗ್ಯಾಕಪ್ಪ, ಉಣ್ಣಕಾ?"

"ಖಾಲಿ ಕಾರ್ ತಕಂಡ್ ಬಂದು ಕುಸ್ದದೆ ಅಂದ್ರೆ ಎಂಗಕ್ಕ? ಕೊಡ ನೋಡ್ದೆ ಸಿಂಬೆ ಎಷ್ಟ್ ದಪ್ಪ ಅಂತ ಯೋಳಕಾಯ್ತದಾ? ಓಗಿ, ಒರೆ ಏರ್ಸ್ಕಂಡ್ ಬನ್ನಿ."

ಅದು ಅವನ ಪದ್ಧತಿ. ಖಾಲಿ ಕಾರಿಗೆ ಕೈ ಹಾಕುತ್ತಿರಲಿಲ್ಲ. ಮಾರನೆಯ ದಿನ ಪಾತ್ರೆಗಳಿಗೆ ನೀರು ತುಂಬಿ, ಅಕ್ಕಿ ಮೂಟೆ, ಸಿಲಿಂಡರು, ಒಲೆ ಎಲ್ಲ ಏರಿಸಿಕೊಂಡು ಹೋದೆವು. ನಾನು ಇಳಿಯಹೋದೆ.

"ನೀನೂ ದಿನಾ ಓಯ್ತೀಯಾ?"

"ಓಗ್ದೆ ಇನ್ನೇನು? ಉಪ್ಪು ಯಾರ್ ನೋಡ್ತಾರೆ?"

"ಅಂಗಾದ್ರೆ ನೀನೂ ಒರೆನೇ. ಕುಂತ್ಕ."

ಕೂತೆ. ಅವನು ರಸ್ತೆಗೆ ಕಿವಿ ಹಚ್ಚಿ ಮಲಗಿದ. ನನಗೆ ಅರಿವಿಲ್ಲದೆ ಉಸಿರು ಬಿಗಿಹಿಡಿದಿದ್ದೆ.

"ಉಸ್ರು ಬುಡಕ್ಕ. ಉಸ್ರು ಇಡ್ಕಂಡ್ರೆ ಅಗುರ ಆಗಕಿಲ್ಲ ನೀನು!"

ಪಕ್ಕದ ಟೀ ಅಂಗಡಿಯವರೆಲ್ಲ ನಕ್ಕರು. "ಲೇ, ನಿನ್ ಎಂಡ್ರನ್ನ ಕೂರ್ಸ್ಕಂಡ್ ಅಳ್ತೆ ಮಾಡ್ಲಾ" ಎಂದೆ.

"ಮಾಡಿವ್ನಿ. ಅವ್ಳಿಗೆ ಲಾರಿ ಸಿಂಬೆನೇ ಬೇಕು."

ಜಾಕಿ ಕೊಟ್ಟು, ಚಕ್ರ ಬಿಚ್ಚಿ, ಸ್ಪ್ರಿಂಗ್ ಈಚೆಗೆ ತೆಗೆದ. ಹಳೇ ರಬ್ಬರು ಸವೆದ ಚಪ್ಪಲಿಯ ಹಿಮ್ಮಡಿಯಂತೆ, ಕಾಗದದಷ್ಟು ತೆಳ್ಳಗಾಗಿತ್ತು. ಜಲ್ಲಿ ಕ್ರಷರಿನವರು ಎಸೆದ ದಪ್ಪ ಬೆಲ್ಟು ಅವನ ಬಳಿ ರಾಶಿ ಇತ್ತು. ಚಾಕುವನ್ನು ಸೋಪಿನ ನೀರಿಗೆ ಅದ್ದಿ ಅದ್ದಿ ಆ ಬೆಲ್ಟಿನಿಂದ ಎರಡು ಬಳೆ ಕೊಯ್ದ. ನಾಲಿಗೆ ಹೊರಗೆ ಚಾಚಿಕೊಂಡು, ನಾವು ಕಜ್ಜಾಯ ತಟ್ಟುವಾಗಿನ ಹಾಗೆ ಗಮನವಿಟ್ಟು.

ಮಗಳು ಸುಮ್ಮನಿರಲಾರದೆ, "ಮಾಮ, ಎಲ್ಡೆಲ್ಡ್ ಆಕ್ಬುಡಿ, ಇನ್ನೂ ಎತ್ರ ಆಗ್ಲಿ" ಎಂದಳು.

"ಒಂದ್ರ ಮೇಲೊಂದ್ ಪೇರ್ಸಕೆ ಇದೇನ್ ದೋಸೆನಾ ಕೂಸೇ? ಓಡ್ತಾ ಓಡ್ತಾ ಸ್ಪ್ರಿಂಗು ಜಾರ್ಕಂಡ್ರೆ ಸಾರಲ್ಲ ಚೆಲ್ಲದು, ನೀವು."

ಆಮೇಲೆ ಅಂಗಡಿಯ ಮುಂದಿನ ಉಬ್ಬಿನ ಪಕ್ಕ ಮಲಗಿ ಕೂಗಿದ, "ಬುಡು ಕೂಸೇ!" ಕಾರು ಉಬ್ಬು ಹತ್ತಿ ಇಳಿಯಿತು. ಏನೂ ತಗುಲಲಿಲ್ಲ. ಅವನು ಎದ್ದು ಎರಡೂ ಕೈ ಮೇಲೆತ್ತಿದ, ಮಗ ಪಾಸಾದವನ ಹಾಗೆ.

ಆ ವಾರವೇ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಒಂದು ಊರಲ್ಲಿ ಗೃಹಪ್ರವೇಶ. ಒಂದು ತೊಟ್ಟು ಸಾರು ತುಳುಕದೆ ತಲುಪಿದೆವು. ಉಂಡವರು ಬೆರಳು ನೆಕ್ಕಿದರು. ಮಗಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡೆ. ತೊಂದರೆ ಬಂದದ್ದು ವಾಪಸು ಬರುವಾಗ.

ನಮ್ಮ ಕಡೆ ಅಡುಗೆ ಮಾಡಿದವಳನ್ನು ಬರಿಗೈಲಿ ಕಳಿಸುವುದಿಲ್ಲ. ಒಂದು ಬಾಳೆಗೊನೆ ತಂದಿಟ್ಟರು. ಚೀಲದ ತುಂಬ ತೆಂಗಿನಕಾಯಿ, ಎರಡು ಕುಂಬಳಕಾಯಿ, ಮೂಟೆ ಅವರೆಕಾಯಿ. ಇದರ ಮೇಲೆ ಮಾಂಬಳ್ಳಿಗೆ ಹೋಗಬೇಕಾದ ಇಬ್ಬರು ಮುದುಕಿಯರು, "ಅಂಗೇ ದಾರೀಲಿ ಬುಟ್ಬುಡು ಕೂಸೇ" ಎಂದು ಹತ್ತಿ ಕೂತರು. ಇಬ್ಬರೂ ನನ್ನ ಹಾಗೆಯೇ ದುಂಡಗಿದ್ದರು. ಮಾಂಬಳ್ಳಿಯ ಮೊದಲ ಉಬ್ಬಿಗೇ ಕರ್ರೆಂದು ಬಡಿಯಿತು.

ಮಗಳು ಕಾರು ನಿಲ್ಲಿಸಿದಳು. ಸ್ಟೇರಿಂಗ್ ಮೇಲೆ ಹಣೆ ಇಟ್ಟು, "ನಾಳಿಂದ ಗಾರ್ಮೆಂಟ್ಸ್ ಬಸ್ಸೇ ಕಣವ್ವ" ಎಂದಳು.

ಹಿಂದಿನಿಂದ ಒಬ್ಬ ಮುದುಕಿ, "ನಾವ್ ಇಳಿಯನ್ವಾ ಕೂಸೇ?" ಎಂದಳು.

"ಇಳೀರಿ" ಎಂದೆ ನಾನು. ಮೂವರೂ ಇಳಿದು, ನಡೆದು ಉಬ್ಬು ದಾಟಿ, ಮತ್ತೆ ಹತ್ತಿದೆವು. ಎರಡನೇ ಉಬ್ಬಿಗೂ ಹಾಗೇ ಇಳಿದು ಹತ್ತಿದೆವು. ಅಷ್ಟರಲ್ಲಿ ಮುದುಕಿಯರಿಗೆ ಅದೊಂದು ಆಟವಾಗಿ, ನಗುತ್ತಾ ಒಬ್ಬರನ್ನೊಬ್ಬರು ತಳ್ಳಿಕೊಂಡು ಹತ್ತುತ್ತಿದ್ದರು. ಮಗಳು ಮಾತ್ರ ನಗಲಿಲ್ಲ.

ಬೆಳಗ್ಗೆ ಅವಳನ್ನು ಎಳೆದುಕೊಂಡೇ ಅಂಗಡಿಗೆ ಹೋದೆ. "ಬೆಂಕಿ ಆಕ ನಿನ್ ಸಿಂಬೆಗೆ!" ಎಂದು ದೂರದಿಂದಲೇ ಶುರು ಮಾಡಿದೆ.

"ಓಗ್ತಾ ತಗುಲ್ತಾ, ಬತ್ತಾ ತಗುಲ್ತಾ?" ಎಂದ.

"ಬತ್ತಾ."

"ಬತ್ತಾ ಪಾತ್ರೆ ಖಾಲಿ ಅಲ್ವಾ?"

ಬಾಳೆಗೊನೆಯಿಂದ ಮುದುಕಿಯರವರೆಗೆ ಹೇಳಿದೆ. ಅವನು ಹಣೆ ಚಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟ. "ಓಗ್ತಾ ಏನ್ ಒಯ್ತೀರಿ ಅಂತ ಕೇಳ್ದೆ. ಬತ್ತಾ ಏನ್ ತತ್ತೀರಿ ಅಂತ ಕೇಳ್ನಿಲ್ವಲ್ಲಕ್ಕ! ತಪ್ಪು ನಂದೇ."

"ಇನ್ಮೇಲೆ ಯಾರ್ ಏನ್ ಕೊಟ್ರೂ ಬ್ಯಾಡ ಅಂತೀವಿ ಬುಡಿ" ಎಂದಳು ಮಗಳು.

ಆಗ ಅವನಿಗೆ ನಿಜವಾಗಿ ಸಿಟ್ಟು ಬಂತು. "ಬ್ಯಾಡ ಅನ್ಬ್ಯಾಡ ಕೂಸೇ. ಪ್ರೀತಿಯಿಂದ ಕೊಡೋರ್ ಕೈಯ ನೀನ್ಯಾಕ್ ತಡೀತೀಯ? ಎತ್ಬೇಕಾಗಿರದು ಕಾರು. ಅದ್ನ ನಾ ನೋಡ್ಕತೀನಿ."

ಬೇರೆ ಎರಡು ಬಳೆ ಕೊಯ್ದ, ಮೊದಲಿನದಕ್ಕಿಂತ ದಪ್ಪ. ಅಳತೆಗೆ ಹೊರೆ ಬೇಕಲ್ಲ, ಟೀ ಅಂಗಡಿಯಲ್ಲಿ ಕೂತಿದ್ದ ಇಬ್ಬರು ದಪ್ಪ ಮೀಸೆಯ ಗೌಡರನ್ನು ಕರೆದು, "ಬನ್ನಿ, ನೀವೀಗ ಮಾಂಬಳ್ಳಿ ಮುದುಕೀರು" ಎಂದು ಹಿಂದಿನ ಸೀಟಿನಲ್ಲಿ ಕೂರಿಸಿದ. ಬಾಳೆಗೊನೆಯ ಬದಲು ಜಾಕಿ. ಗೌಡರ ಪೈಕಿ ಒಬ್ಬ ತಲೆ ಮೇಲೆ ಟವೆಲ್ ಹೊದ್ದು, "ಅಂಗೇ ದಾರೀಲಿ ಬುಟ್ಬುಡು ಕೂಸೇ" ಎಂದು ಕೀರಲು ದನಿ ಮಾಡಿದ. ಮಗಳು ನಗುತ್ತಲೇ ಉಬ್ಬು ದಾಟಿಸಿದಳು. ಆಮೇಲೆ ಅವಳ ಬಾಯಲ್ಲಿ ಬಸ್ಸಿನ ಮಾತು ಬರಲಿಲ್ಲ.

ಅಂದಿನಿಂದ ಬಂದವರಿಗೆಲ್ಲ ಅವನದು ಅದೇ ಪ್ರಶ್ನೆ, ಬತ್ತಾ ಏನ್ ತತ್ತೀರಿ? ಒಮ್ಮೆ ನಾನು ಅಲ್ಲಿದ್ದಾಗ ಒಬ್ಬ ಮೇಷ್ಟ್ರು ಏನೂ ಇಲ್ಲಪ್ಪ ಎಂದರು.

"ಎಂಡ್ರ ತೌರು ಎಲ್ಲಿ ಸಾ?"

"ಹನೂರು."

"ಅಂಗಾದ್ರೆ ಎಲ್ಡ್ ಮೂಟೆ ರಾಗಿ ಲೆಕ್ಕ ಇಟ್ಕತೀನಿ."

ಮೇಷ್ಟ್ರ ಹೆಂಡತಿ ಕಾರಿನೊಳಗಿಂದಲೇ, "ಮೂರು ಇಟ್ಕಳಿ" ಎಂದಳು.

ನಮ್ಮ ಅಡುಗೆ ಬೆಳೆಯಿತು. ಗಾರ್ಮೆಂಟ್ಸ್ ಬಸ್ಸಿನ ಹೆಣ್ಣುಮಕ್ಕಳೇ ತಮ್ಮ ಮನೆಯ ಸೀಮಂತ, ನಾಮಕರಣಗಳಿಗೆ ನಮ್ಮನ್ನು ಕರೆದರು. ಕೂಸು ಅಮ್ಮನ ಮಗ್ಗುಲಲ್ಲೇ ಬೆಳೆದು ಸ್ಕೂಲಿಗೆ ಸೇರಿತು. ಮೇಸ್ತ್ರಿಗೆ ಊಟ ಕೊಟ್ಟರೆ ಚೆನ್ನಾಗಿದೆ ಎಂದು ಒಂದು ದಿನವೂ ಹೇಳಲಿಲ್ಲ. ಉಪ್ಪು ಕಮ್ಮಿ ಎಂದು ಹೇಳಿ ಪಾತ್ರೆ ಬಳಿದು ಉಣ್ಣುತ್ತಿದ್ದ.

ಹೋದ ವರ್ಷ ಅವನು ಸತ್ತ. ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ, ಅಷ್ಟೇ. ಕಾಯಿಲೆ ಇಲ್ಲ, ಆಸ್ಪತ್ರೆ ಇಲ್ಲ. ಅಂಥ ಸಾವು ನನಗೂ ಬರಲಿ. ಅವನ ಹೆಂಡತಿ ತಿಥಿಯ ಅಡುಗೆ ನಮಗೇ ಹೇಳಿದಳು. ನಾನು ಅಳಲಿಲ್ಲ, ಅಷ್ಟು ಜನಕ್ಕೆ ಬೇಯಿಸುವವಳಿಗೆ ಅಳಲು ಪುರಸೊತ್ತೆಲ್ಲಿ? ಉಪ್ಪು ಮಾತ್ರ ಒಂದು ಚಿಟಿಕೆ ಹೆಚ್ಚಾಗಿಯೇ ಹಾಕಿದೆ.

ಅವನ ಬೀದಿಗೆ ಕಾರು ತಿರುಗಿಸಿದಾಗ ಮಗಳು ತಟ್ಟನೆ ಬ್ರೇಕ್ ಒತ್ತಿದಳು. ಬೀದಿಯ ಎರಡೂ ಕಡೆ ಹಳೇ ಕಾರುಗಳ ಸಾಲು. ಯಳಂದೂರಿನವು, ಹನೂರಿನವು, ಬ್ಯಾಂಡ್‌ಸೆಟ್ಟಿನವರದು, ತರಕಾರಿಯವರದು. ಎಲ್ಲವೂ ಅವನ ಸಿಂಬೆಯವೇ. ಹೊರೆಗೆ ಅಳೆದು ಎತ್ತಿದ ಕಾರು ಖಾಲಿ ಇದ್ದಾಗ ಹಿಂಭಾಗ ಎತ್ತಿಕೊಂಡು ನಿಲ್ಲುತ್ತದೆ. ತಿಥಿಗೆ ಯಾರು ಹೊರೆ ತರುತ್ತಾರೆ? ಅಷ್ಟೂ ಕಾರುಗಳು ಮೂತಿ ತಗ್ಗಿಸಿ, ಅಂಡೆತ್ತಿಕೊಂಡು, ಒದೆಯಲು ನಿಂತ ಕರುಗಳ ಹಾಗೆ ನಿಂತಿದ್ದವು.

ಮಗಳಿಗೆ ನಗು ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ನಮ್ಮನ್ನು ನೋಡಿ, ಸಾಲನ್ನು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು.

ನೆಟ್ಟಗೆ ನಿಂತಿದ್ದ ಕಾರು ನಮ್ಮದೊಂದೇ. ಡಿಕ್ಕಿ ತೆಗೆದು ಸಾರಿನ ಪಾತ್ರೆ ಇಳಿಸಿದೆವು, ಅನ್ನದ ಪಾತ್ರೆ ಇಳಿಸಿದೆವು, ಪಾಯಸ ಇಳಿಸಿದೆವು. ಒಂದೊಂದು ಇಳಿಸಿದ ಹಾಗೆಲ್ಲ ಕಾರು ಒಂದೊಂದು ಬೆರಳಷ್ಟು ಮೇಲೆದ್ದು, ಮಿಕ್ಕವುಗಳ ಸಾಲಿಗೆ ಸೇರಿಕೊಂಡಿತು.