ಚಕ್ಕೆ ಮುರಿದ ಕ್ಯಾಸೆಟ್

ಮೊನ್ನೆ ಶುಗರ್ ತಪಾಸಣೆಗೆ ಹೋದಾಗ ನರ್ಸಮ್ಮ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ನನ್ನ ಬೆರಳು ಒರೆಸಿದಳು. ಸೂಜಿಗೆ ಹೆದರಿ ಕಣ್ಣು ಮುಚ್ಚಿಕೊಂಡಿದ್ದೆ. ಮೂಗು ಮಾತ್ರ ದವಾಖಾನೆ ಬಿಟ್ಟು ಸೀದಾ ಶಹಾಪುರದ ಬಸ್ ಸ್ಟ್ಯಾಂಡ್ ಹಿಂದಿನ ರೇಡಿಯೊ ಅಂಗಡಿಗೆ ಹೋಗಿ ನಿಂತಿತು.

ಆ ಅಂಗಡಿಯವರನ್ನು ನಾವು ಮಕ್ಕಳೆಲ್ಲ ಕಾಕಾ ಅನ್ನುತ್ತಿದ್ದೆವು. ಹಣೆ ತುಂಬ ವಿಭೂತಿ, ಕಿವಿಯ ಮೇಲೆ ಪೆನ್ಸಿಲ್, ಕೈಯಲ್ಲಿ ಸ್ಪಿರಿಟ್ ಹತ್ತಿ. ಟೇಪ್ ರೆಕಾರ್ಡರ್ ಒರೆಸುತ್ತ ಕೂತರೆ ಗಿರಾಕಿ ಬಂದದ್ದೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಅಬ್ಬಾ ಕುವೈತಿನಲ್ಲಿ ಗೋಡೆ ಕಟ್ಟುವ ಗೌಂಡಿ. ಅಮ್ಮಿಗೆ ಓದು ಬರಹ ಬರುತ್ತಿರಲಿಲ್ಲ, ಅಬ್ಬಾನದೂ ಅದೇ ಕತೆ. ಹಾಗಾಗಿ ಪತ್ರದ ಬದಲು ಮಾತು ತುಂಬಿದ ಕ್ಯಾಸೆಟ್ ಹೋಗುತ್ತಿತ್ತು. ಕಾಕಾ ಟೇಪ್ ಚಾಲೂ ಮಾಡಿ, ಬಾಗಿಲು ಮುಂದಕ್ಕೆಳೆದು, ಹೊರಗೆ ಮೆಟ್ಟಿಲ ಮೇಲೆ ಕೂತು ಟ್ರಾನ್ಸಿಸ್ಟರ್ ಜೋರು ಮಾಡುತ್ತಿದ್ದರು. ಹೆಂಗಸರ ಮಾತು ತಮ್ಮ ಕಿವಿಗೆ ಬೀಳಬಾರದೆಂದು.

"ಮಾತು ಆಡಿದ್ರ ಹೋಯ್ತು, ಮುತ್ತು ಒಡದ್ರ ಹೋಯ್ತು ಅಂತಾರ. ನನ್ನ ಅಂಗಡ್ಯಾಗ ಆಡಿದ ಮಾತು ಕುವೈತ್ ಮುಟ್ತದ ನೋಡ್ರಿ" ಎಂದು ಬೀಗುತ್ತಿದ್ದರು.

ಮುಟ್ಟುತ್ತಿತ್ತು ನಿಜ, ಆದರೆ ಉಳಿಯುತ್ತಿರಲಿಲ್ಲ. ಒಂದೇ ಕ್ಯಾಸೆಟ್ ಹೋಗಿ ಬಂದು ಮಾಡುತ್ತಿತ್ತು. ಅಮ್ಮಿ ತುಂಬಿದ್ದರ ಮೇಲೆ ಅಬ್ಬಾ ತುಂಬುತ್ತಿದ್ದ, ಅವನು ತುಂಬಿದ್ದರ ಮೇಲೆ ಮತ್ತೆ ಅಮ್ಮಿ. ಉತ್ತರ ಬಂತೆಂದರೆ ಪ್ರಶ್ನೆ ಅಳಿಸಿಹೋಗಿರುತ್ತಿತ್ತು. ಅದು ಯಾರಿಗೂ ನಷ್ಟವೆನಿಸಿರಲಿಲ್ಲ, ಮುಂದಿನ ಮಾತು ಬರುತ್ತದಲ್ಲ...

ತೊಂಬತ್ತರ ಇಸವಿಯಲ್ಲಿ ಹುಣಸಗಿಯವರೊಬ್ಬರು ಕುವೈತಿನಿಂದ ರಜೆಯಲ್ಲಿ ಬರುತ್ತ ಅಬ್ಬಾನ ಕ್ಯಾಸೆಟ್ ತಂದುಕೊಟ್ಟರು. ಅದಾಗಿ ವಾರ ಕಳೆದಿರಲಿಲ್ಲ, ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಟಪಾಲು ನಿಂತಿತು. ಕಾಕಾನ ಟ್ರಾನ್ಸಿಸ್ಟರ್ ಮುಂದೆ ದಿನಾ ಸಂಜೆ ನಮ್ಮ ಓಣಿಯ ಹೆಂಗಸರು ಗುಂಪುಗೂಡುತ್ತಿದ್ದರು. ಭೂಪಟದಲ್ಲಿ ಶಹಾಪುರವೇ ಎಲ್ಲಿದೆಯೆಂದು ಗೊತ್ತಿಲ್ಲದವರ ಬಾಯಲ್ಲಿ ಬಸ್ರಾ, ಅಮ್ಮಾನ್, ಬಗ್ದಾದ್! ಸುದ್ದಿಯಲ್ಲಿ ಕೆಟ್ಟದ್ದು ಬಂದರೆ ಕಾಕಾ ಬ್ಯಾಟರಿ ಸರಿಯಿಲ್ಲವೆಂದು ಆರಿಸಿಬಿಡುತ್ತಿದ್ದರು.

ಅಮ್ಮಿ ಹಟದವಳು. ಯಾರಾದರೂ ಒಯ್ದೇ ಒಯ್ಯುತ್ತಾರೆಂದು ಉತ್ತರ ತುಂಬಲು ಅದೇ ಕ್ಯಾಸೆಟ್ ತೆಗೆದುಕೊಂಡು ಹೋದಳು. ಜೊತೆಗೆ ನಾನೂ ಇದ್ದೆ. ಕಾಕಾ ಅದನ್ನು ಕೈಯಲ್ಲಿ ಬಹಳ ಹೊತ್ತು ಹಿಡಿದುಕೊಂಡರು. ಆಮೇಲೆ ಸ್ಕ್ರೂ ಡ್ರೈವರಿನಿಂದ ಅದರ ಬೆನ್ನ ಮೇಲಿನ ಎರಡೂ ಪ್ಲಾಸ್ಟಿಕ್ ಚಕ್ಕೆ ಪಟ್ ಪಟ್ ಎಂದು ಮುರಿದರು.

"ಇದರ ಮ್ಯಾಲ ಇನ್ನ ತುಂಬಾಕ ಬರಂಗಿಲ್ಲ ತಂಗಿ. ಇದು ಇರ್ಲಿ. ನಾ ಹೊಸಾದು ಕೊಡ್ತೀನಿ."

ಅಮ್ಮಿಗೆ ಅರ್ಥವಾಗಲು ಗಳಿಗೆ ಹಿಡಿಯಿತು. ಆಮೇಲೆ ಮೈಯೆಲ್ಲ ಬೆಂಕಿಯಾದಳು. "ಅವರು ತಿರುಗಿ ಬರಂಗಿಲ್ಲಂತ ತಿಳಿದಿರೇನು? ಬದುಕಿದ್ದವರ ದನಿ ತೆಗೆದಿಡ್ತಾರೇನ್ರಿ ಯಾರಾದ್ರೂ?"

"ಹಂಗಲ್ಲ ತಂಗಿ..." ಎನ್ನುವಷ್ಟರಲ್ಲೇ ಅಮ್ಮಿ ಕ್ಯಾಸೆಟ್ ಕಸಿದುಕೊಂಡು ನನ್ನ ರಟ್ಟೆ ಹಿಡಿದು ಹೊರಬಿದ್ದಳು. ಅಪಶಕುನ ಮಾಡಿದವರ ಮೆಟ್ಟಿಲು ಹತ್ತುವುದಿಲ್ಲವೆಂದವಳು ಮತ್ತೆ ಹತ್ತಲೇ ಇಲ್ಲ.

ಎರಡು ತಿಂಗಳಿಗೆ ಅಬ್ಬಾ ಬಂದ. ಮರುಭೂಮಿ ದಾಟಿ ಜೋರ್ಡಾನ್ ಸೇರಿ, ಅಲ್ಲಿಂದ ವಿಮಾನ ಹತ್ತಿ, ಉಟ್ಟ ಬಟ್ಟೆಯಲ್ಲೇ ಬಂದಿದ್ದ. ಕ್ಯಾಸೆಟ್ಟಿನ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ಕಾಕಾನ ಅಂಗಡಿಗೆ ಹೋಗಿ ಚಹಾ ಕುಡಿದು ಬಂದ. ಅಮ್ಮಿ ಮಾತ್ರ ಆ ಗಲ್ಲಿ ತಪ್ಪಿಸಿ ಸುತ್ತುಹಾಕಿ ಹೋಗುವುದು ಬಿಡಲಿಲ್ಲ. ನಾನೂ ಹೇಳಿ ನೋಡಿದೆ, ಯಾರ ಮಾತು ಕೇಳುತ್ತಾಳೆ ಅವಳು?

ಆಮೇಲೆ ಊರಿಗೆ ಎಸ್‌ಟಿಡಿ ಬೂತ್ ಬಂತು, ಅದರ ಹಿಂದೆ ಮೊಬೈಲ್. ಕ್ಯಾಸೆಟ್ ತುಂಬಿಸುವವರು ಇಲ್ಲವಾದರು. ನಾನು ಮದುವೆಯಾಗಿ ಯಾದಗಿರಿಗೆ ಬಂದ ಮೇಲೆ ಕಾಕಾ ತೀರಿಕೊಂಡ ಸುದ್ದಿ ಬಂತು, ಅದೂ ತಿಂಗಳು ತಡವಾಗಿ. ಅಬ್ಬಾ ಹೋದದ್ದು ಇನ್ನೂ ಎಷ್ಟೋ ವರ್ಷಗಳ ನಂತರ. ಆ ದಿನದಿಂದ ಅಮ್ಮಿ ಚಕ್ಕೆ ಮುರಿದ ಆ ಕ್ಯಾಸೆಟ್ಟನ್ನು ದಿನಾ ಹಾಕಿಸಿಕೊಂಡು ಕೇಳುತ್ತಿದ್ದಳು. ಅಬ್ಬಾ ಕೊನೆಗೆ "ಖುದಾ ಹಾಫಿಜ್" ಎಂದ ಕೂಡಲೇ ಬಂದ್ ಮಾಡಿಸುತ್ತಿದ್ದಳು. ಟೇಪ್ ರೆಕಾರ್ಡರ್ ಕೆಟ್ಟ ಮೇಲೆ ಅದೂ ನಿಂತಿತು.

ಈಗ ನನ್ನ ಮಗಳು ಕುವೈತಿನಲ್ಲಿ ನರ್ಸ್. ಬಸ್ ಸ್ಟ್ಯಾಂಡಿನಾಚೆ ಒಬ್ಬಳೇ ಹೋಗದ ಅಮ್ಮಿಯ ಮೊಮ್ಮಗಳು ಅಲ್ಲಿ ತಾನೇ ಕಾರು ಓಡಿಸುತ್ತಾಳೆ. ತಾತ ಗೋಡೆ ಕಟ್ಟಿದ ಊರನ್ನು ದಿನಾ ವಿಡಿಯೊ ಕಾಲಿನಲ್ಲಿ ತೋರಿಸುತ್ತಾಳೆ. ಎಷ್ಟೊಂದು ಮಾತು! ಫೋನ್ ಇಟ್ಟ ಮೇಲೆ ಒಂದೂ ಉಳಿಯುವುದಿಲ್ಲ.

ದವಾಖಾನೆಯಿಂದ ಬಂದವಳೇ, ಈಗ ನನ್ನ ಬಳಿಯೇ ಇರುವ ಅಮ್ಮಿಯ ಪೆಟ್ಟಿಗೆಯಿಂದ ಕ್ಯಾಸೆಟ್ ತೆಗೆದು, ಇಲ್ಲಿನ ಸ್ಟುಡಿಯೊದವರಿಗೆ ಕೊಟ್ಟು ಫೋನಿಗೆ ಇಳಿಸಿಕೊಂಡೆ. ಅವರು ಕೊನೆಯ ತನಕ ಓಡಲು ಬಿಟ್ಟಿದ್ದರು. ಆ ಸಲ ಅಬ್ಬಾ ಕಡಿಮೆ ಮಾತಾಡಿದ್ದ. ಅವನ ಮಾತು ಮುಗಿದಲ್ಲಿಂದ ಅಮ್ಮಿಯ ಹಳೆಯ ಮಾತಿನ ತುದಿ ಅಳಿಯದೆ ಉಳಿದಿತ್ತು. ಹರೆಯದ ದನಿಯಲ್ಲಿ "ಜಲ್ದಿ ಆವೊ", ಬೇಗ ಬನ್ನಿ, ಎನ್ನುತ್ತಾಳೆ. ಬಾಗಿಲು ಕಿರುಗುಡುತ್ತದೆ. ಆಮೇಲೆ ಕಾಕಾ.

"ಆಯ್ತೇನ್ ತಂಗಿ? ಇನ್ನೂ ಜಾಗ ಅದ, ಮಾತಾಡ್ರಿ."

ಅಮ್ಮಿಯ ಕಿವಿಗೆ ಫೋನ್ ಹಿಡಿದೆ. ಇನ್ನೊಮ್ಮೆ ಹಚ್ಚು ಎಂದಳು. ಮತ್ತೊಮ್ಮೆ ಕೇಳಿದಳು. ಮನೆಯಲ್ಲಿ ಅಮ್ಮಿ ಉರ್ದು ಬಿಟ್ಟು ಎಂದೂ ಕನ್ನಡ ಆಡಿದವಳಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಹೇಳಿದಳು:

"ತಪ್ಪಾಯ್ತ್ರಿ ಅಣ್ಣಾ."