ಹದಿನೇಳನೆಯ ನಂಬರಿನ ಹಾಜರಿ

ವೈಟ್‌ಫೀಲ್ಡಿನ ಟೆಕ್ ಪಾರ್ಕೊಂದರಲ್ಲಿ ನಾನು ಸ್ವಚ್ಛತಾ ಸಿಬ್ಬಂದಿಯ ಮೇಲ್ವಿಚಾರಕನಾಗಿದ್ದೆ. ಬೆಳಿಗ್ಗೆ ಆರೂವರೆಗೆ ಸರಿಯಾಗಿ ಹಾಜರಿ. ಪುಸ್ತಕದಿಂದ ತಲೆ ಎತ್ತದೆ ನಂಬರ್ ಕೂಗುತ್ತಿದ್ದೆ. "ಸಾರ್" ಎನ್ನದವರು ಗೈರು. ಮೊದಲ ತಿಂಗಳಲ್ಲಿ ಮೂರು ಗೈರಾದರೆ ಕೆಲಸ ಹೋಗುತ್ತಿತ್ತು. ಹೊಸದಾಗಿ ಸೇರಿದ್ದ ಹದಿನೇಳನೆಯ ನಂಬರಿನ ಹೆಣ್ಣುಮಗಳಿಗೆ ಸತತವಾಗಿ ಮೂರಾಯಿತು. ನಾಲ್ಕನೆಯ ದಿನ, "ಇನ್ನು ಬರಬೇಡ ಅಂತ ಅವಳಿಗೆ ಯಾರಾದ್ರೂ ಹೇಳಿಬಿಡಿ" ಎಂದೆ.

ಕುಂದಲಹಳ್ಳಿಯ ಹಿರಿಯ ಕೆಲಸಗಾತಿಯೊಬ್ಬರು ಮುಂದೆ ಬಂದರು. "ಇಂಗಂದ್ರೆ ಎಂಗೆ ಸಾರ್? ದಿನಾ ನಿಮ್ಮ ಮುಂದೇನೇ ನಿಂತಿರ್ತಾಳೆ. ಅವ್ಳಿಗೆ ಕಿವಿ ಕೇಳ್ಸಲ್ಲ, ಮಾತೂ ಬರಲ್ಲ. ನಿಮ್ಗೆ ಕಣ್ಣು ಚೆನ್ನಾಗೇ ಐತಲ್ಲ?"

ಸಾಲಿನಲ್ಲಿ ಯಾರೋ ನಕ್ಕರು. ತಲೆ ಎತ್ತಿದೆ. ಎದುರಿಗೇ, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಅವಳು ನನ್ನ ತುಟಿಗಳನ್ನೇ ಗಾಬರಿಯಿಂದ ನೋಡುತ್ತಾ ನಿಂತಿದ್ದಳು.

ಅಲ್ಲೇ ಮೂರೂ ಗೈರುಗಳನ್ನು ಹೊಡೆದುಹಾಕಿ, ತಪ್ಪು ನನ್ನದೆಂದು ಬರೆದು ಸಹಿ ಮಾಡಿದೆ. ಮರುದಿನದಿಂದ ನಾನು ಮುಖ ನೋಡಿ ಬೆರಳು ತೋರಿಸುವುದು, ಎಲ್ಲರೂ ಕೈ ಎತ್ತುವುದು ಎಂದು ನಿಯಮವಾಯಿತು.

ಅವಳು ಮಾತ್ರ ಒಂದನೆಯ ನಂಬರಿನಿಂದಲೇ ಕೈ ಎತ್ತಿಕೊಂಡಿರುತ್ತಿದ್ದಳು. ಇಳಿಸೆಂದು ಸನ್ನೆ ಮಾಡಿದರೆ ನಗುತ್ತಿದ್ದಳು, ಇಳಿಸುತ್ತಿರಲಿಲ್ಲ. ನನ್ನ ಕೈಕೆಳಗೆ ಅಷ್ಟು ಅಶಿಸ್ತಿಗೆ ಅವಕಾಶ ಕೊಟ್ಟಿದ್ದು ಅವಳೊಬ್ಬಳಿಗೇ.